ಸಮಾಧಿಯ ಬಳಿ ದೇವದೂತರು ಎಷ್ಟು ಮಂದಿ?

ಧರ್ಮಸಭೆಯ ಕೇಂದ್ರ ಕಚೇರಿಯಲ್ಲಿ ನಾಟಕಗಳಿಗೆ ಒಪ್ಪಿಗೆ ಕೊಡುವ ಅಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಸಭೆಯವರು ಆಡಲಿರುವ ಪುನರುತ್ಥಾನದ ನಾಟಕದಿಂದ ತಾವು ಒಬ್ಬ ದೇವದೂತನನ್ನು ಕೆಲಸದಿಂದ ತೆಗೆದಿದ್ದೀರಿ. "ಮತ್ತಾಯನ ಸುವಾರ್ತೆಯಂತೆ ಖಾಲಿ ಸಮಾಧಿಯ ಬಳಿ ಒಬ್ಬನೇ ದೇವದೂತನಿರತಕ್ಕದ್ದು, ಇಬ್ಬರಿದ್ದರೆ ಪ್ರೇಕ್ಷಕರಿಗೆ ಗೊಂದಲವಾಗುತ್ತದೆ" ಎಂದು ತಮ್ಮ ಆದೇಶ. ಪ್ರೇಕ್ಷಕರ ವಿಷಯ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಂತೂ ಗೊಂದಲ ಆಗಲೇ ಶುರುವಾಗಿದೆ. ಏಕೆಂದರೆ ಆ ಇಬ್ಬರಲ್ಲಿ ಒಬ್ಬಳು ನನ್ನ ಅಮ್ಮ, ಇನ್ನೊಬ್ಬಳು ಅವಳ ಅಕ್ಕ, ಅಂದರೆ ನನ್ನ ದೊಡ್ಡಮ್ಮ.

ನಾನು ದಿನಪತ್ರಿಕೆ ಓದಿ ಬೆಳೆದವನು. ಒಂದೇ ಬೆಂಕಿ ಅನಾಹುತಕ್ಕೆ ಒಂದು ಅಗ್ನಿಶಾಮಕ ವಾಹನ ಬಂತೆಂದು ಒಂದು ಪತ್ರಿಕೆ ಬರೆದರೆ, ಎರಡು ಬಂದವೆಂದು ಇನ್ನೊಂದು ಬರೆಯುತ್ತದೆ. ಹಾಗೆಂದು ಬೆಂಕಿಯೇ ಬಿದ್ದಿಲ್ಲ ಎಂದು ಯಾರೂ ಹೇಳುವುದಿಲ್ಲ. ಆದೇಶ ಬಂದ ಮೇಲೆ ನಾಲ್ಕೂ ಸುವಾರ್ತೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ಮತ್ತಾಯನಲ್ಲಿ ದೇವದೂತ ಒಬ್ಬ, ಉರುಳಿಸಿದ ಕಲ್ಲಿನ ಮೇಲೆ ಕೂತಿದ್ದಾನೆ. ಮಾರ್ಕನಲ್ಲಿ ಬಿಳಿ ನಿಲುವಂಗಿಯ ಯೌವನಸ್ಥ, ಒಳಗೆ ಬಲಗಡೆ ಕೂತಿದ್ದಾನೆ. ಲೂಕನಲ್ಲಿ ಹೊಳೆಯುವ ಉಡುಪಿನ ಇಬ್ಬರು ನಿಂತಿದ್ದಾರೆ. ಯೋಹಾನನಲ್ಲೂ ಇಬ್ಬರು, ತಲೆಯ ಕಡೆ ಒಬ್ಬ, ಕಾಲಿನ ಕಡೆ ಒಬ್ಬ, ಆರಾಮಾಗಿ ಕೂತಿದ್ದಾರೆ. ಲೆಕ್ಕ ಸರಿಪಡಿಸಲು ಹೊರಟರೆ ತಾವು ಎಲ್ಲಿ ನಿಲ್ಲಿಸುತ್ತೀರಿ? ಯೋಹಾನ ಹೆಸರಿಸುವುದು ಮಗ್ದಲದ ಮರಿಯಳೊಬ್ಬಳನ್ನೇ. ಉಳಿದ ಹೆಂಗಸರ ಪಾತ್ರಧಾರಿಗಳನ್ನು ಮನೆಗೆ ಕಳಿಸೋಣವೇ? ಮಾರ್ಕನಲ್ಲಿ ಹೆಂಗಸರು ಹೆದರಿ ಓಡುತ್ತಾರೆ, ಯಾರಿಗೂ ಏನೂ ಹೇಳುವುದಿಲ್ಲ. ಅಲ್ಲಿಗೇ ಪರದೆ ಎಳೆದು, ಮುಂದಿನದನ್ನು ಪ್ರೇಕ್ಷಕರೇ ಊಹಿಸಿಕೊಳ್ಳಲಿ ಎನ್ನೋಣವೇ? ಯೌವನಸ್ಥನೇ ಬೇಕೆಂದರೆ, ನಮ್ಮ ದೊಡ್ಡಮ್ಮನಿಗೆ ಎಪ್ಪತ್ತು ಹತ್ತಿರವಾಯಿತು.

ಅವಳ ತೀರ್ಮಾನ ಯಾವಾಗಲೋ ಆಗಿದೆ. "ಯೋಹಾನನೇ ಸರಿ ಕಣೋ. ಲೂಕ ಹೇಳಿದ ಹಾಗೆ ನಿಂತ್ಕೊಳ್ಳೋಕೆ ನನ್ನ ಮಂಡಿ ಒಪ್ಪಲ್ಲ."

ಈಗ ಅಸಲು ವಿಷಯ. ಅಜ್ಜಿ ತೀರಿಕೊಂಡ ಮೇಲೆ ಅವರ ಹೊಲಿಗೆ ಯಂತ್ರದ ವಿಚಾರಕ್ಕೆ ಅಕ್ಕತಂಗಿಯರ ಮಾತು ನಿಂತಿತ್ತು. ಎದುರುಬದುರು ಮನೆ, ಮಾತುಕತೆ ಮಾತ್ರ ವರ್ಷಗಟ್ಟಲೆ ನನ್ನ ಮೂಲಕ. "ನಿಮ್ಮಮ್ಮನಿಗೆ ಹೇಳು, ಅವರ ಮನೆ ನಲ್ಲಿ ಸುರೀತಿದೆ ಅಂತ." ನಾನು ರಸ್ತೆ ದಾಟಿ ಹೇಳಬೇಕು, ಉತ್ತರ ತರಬೇಕು. ದೇವದೂತರ ಪಾತ್ರಕ್ಕೆ ಬೇರೆ ಯಾರೂ ಸಿಗದೆ ನಾಟಕದ ಮೇಷ್ಟ್ರು ಇವರಿಬ್ಬರನ್ನೂ ಒಂದೇ ಗಿಡ್ಡ ಬೆಂಚಿನ ಎರಡು ತುದಿಗೆ ಕೂರಿಸಿದರು. ಒಂದು ದಿನ ತಾಲೀಮಿನ ನಡುವೆ ಅಮ್ಮ ಬಾಯಿಬಿಟ್ಟಳು.

"ಅಕ್ಕಾ, ನಿನ್ನ ರೆಕ್ಕೆ ನನ್ನ ಕಣ್ಣಿಗೆ ಚುಚ್ತಿದೆ. ಆ ಕಡೆ ಸರಿ."

"ನೀನೇ ಸರಿ. ತಲೆ ಕಡೆ ಕೂತಿರೋಳು ನಾನು."

"ನಾನು ಹುಟ್ಟಿದಾಗಿನಿಂದ್ಲೂ ನೀನು ನನ್ನ ತಲೆ ಮೇಲೇ ಕೂತಿದೀಯ!"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ರೆಕ್ಕೆಯ ದಾರ ಕಿತ್ತು ಬಂತು. "ದೇವದೂತರೇ, ಇದು ಸಮಾಧಿ, ಸ್ವಲ್ಪ ಗಂಭೀರವಾಗಿರಿ!" ಎಂದು ಮೇಷ್ಟ್ರು ಕೂಗಿದರೆ, ದೊಡ್ಡಮ್ಮ ಕಣ್ಣೊರೆಸಿಕೊಳ್ಳುತ್ತಾ, "ಒಳಗಿದ್ದೋರು ಎದ್ದು ಹೋಗಿದಾರಲ್ಲ ಮೇಷ್ಟ್ರೇ, ಇನ್ನೂ ನಗಬಾರ್ದಾ?" ಎಂದಳು.

ಅಷ್ಟರಲ್ಲಿ ತಮ್ಮ ಆದೇಶ ಬಂತು. ಈಗ ಇಬ್ಬರೂ "ಅವಳೇ ಮಾಡಲಿ ಬಿಡು" ಎನ್ನುತ್ತಿದ್ದಾರೆ. ತಮಗಿದು ತ್ಯಾಗದಂತೆ ಕಾಣಬಹುದು. ಆ ಹೊಲಿಗೆ ಯಂತ್ರದ ಜಗಳ ಹೊತ್ತಿಕೊಂಡಿದ್ದೂ "ಅವಳೇ ಇಟ್ಕೊಳ್ಳಲಿ ಬಿಡು" ಎಂಬ ಮಾತಿನಿಂದಲೇ. ನಿನ್ನೆ ಅಮ್ಮ "ನಿನ್ನ ದೊಡ್ಡಮ್ಮನಿಗೆ ಹೇಳು" ಎಂದು ಶುರುಮಾಡಿ, ಅರ್ಧಕ್ಕೇ ಬಾಯಿ ಮುಚ್ಚಿಕೊಂಡಳು. ಅಭ್ಯಾಸಬಲದಿಂದ ನನ್ನ ಕಾಲು ಆಗಲೇ ಚಪ್ಪಲಿ ಹುಡುಕುತ್ತಿತ್ತು.

ಆದ್ದರಿಂದ ಆದೇಶವನ್ನು ಹಿಂತೆಗೆದುಕೊಂಡು ಇಬ್ಬರು ದೇವದೂತರಿಗೂ ಒಪ್ಪಿಗೆ ಕೊಡಬೇಕೆಂಬುದು ನನ್ನ ಒತ್ತಾಯ. ನಾಲ್ವರು ಸುವಾರ್ತಿಕರು ಇಷ್ಟು ಶತಮಾನ ಒಂದೇ ರಟ್ಟಿನೊಳಗೆ ಹೊಂದಿಕೊಂಡಿದ್ದಾರೆ. ಅವರ ನಡುವೆ ತಾವು ಪಂಚಾಯಿತಿ ಮಾಡುವುದು ಬೇಡ. ಒಪ್ಪಿಗೆ ಸಾಧ್ಯವೇ ಇಲ್ಲವೆಂದರೆ ತಾವೇ ದಯಮಾಡಿಸಿ, ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಯಾರು ರೆಕ್ಕೆ ಬಿಚ್ಚಬೇಕೆಂದು ತಮ್ಮ ಬಾಯಿಂದಲೇ ಹೇಳಿ. ಆ ಸುದ್ದಿಯನ್ನು ರಸ್ತೆಯ ಯಾವ ಬದಿಗೂ ನಾನು ಒಯ್ಯುವುದಿಲ್ಲ.

ಇಂತಿ,
ಒಬ್ಬ ದೇವದೂತೆಯ ಮಗ, ಇನ್ನೊಬ್ಬಳ ಎದುರುಮನೆಯವ,
ಇಬ್ಬರ ನಡುವೆ ಓಡಾಡಿ ಚಪ್ಪಲಿ ಸವೆಸಿಕೊಂಡವನು