"ಚೆನ್ನಾಗಿ ಮಾಡ್ತಾರೆ"

ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಚೆನ್ನಾಗಿದ್ದೀಯಾ? ನೀನು ಎರಡು ಕಾಗದ ಬರೆದರೂ ನಾನು ಉತ್ತರಿಸಲಿಲ್ಲ. ಕೆಲಸದ ನೆಪ ಹೇಳಲಾರೆ. ಹೆದರಿಕೆ, ಅಷ್ಟೇ. ಫೋನಿನಲ್ಲಾದರೆ ನಿನ್ನ ದನಿ ಕೇಳಿದೊಡನೆ ಮತ್ತೆ ಸುಳ್ಳು ಹೇಳಿಬಿಡುತ್ತೇನೆ.

ಮೊದಲು ಒಳ್ಳೆಯ ಸುದ್ದಿ. ಅಮ್ಮ ಇವತ್ತು ಬೆಳಿಗ್ಗೆ ಕಣ್ಣು ಬಿಟ್ಟಳು. ನನ್ನನ್ನು ಕಂಡದ್ದೇ ಕೈಯೆತ್ತಿ ಬಾಯಿ ಮುಚ್ಚಿಕೊಂಡಳು. ಮೂಗಿನ ನಳಿಕೆ ನೋಯುತ್ತಿದೆಯೇನೋ ಎಂದಳು ನರ್ಸ್.

ನನ್ನ ಕೆಲಸ ನಿನಗೆ ಗೊತ್ತಲ್ಲ. ಐಸಿಯುಗೆ ಬಂದ ವಯಸ್ಸಾದವರ ಮೈಯಲ್ಲಿ ಎಷ್ಟು ಕಸುವು ಉಳಿದಿದೆ ಎಂದು ಅಳೆಯುವುದು. ತೂಕವನ್ನು ನಾನು ನಂಬುವುದಿಲ್ಲ. ಬಾವು ಬಂದರೆ ಒಣಗಿದವರೂ ದಪ್ಪ ಕಾಣುತ್ತಾರೆ. ಕೆನ್ನೆಯ ಗುಳಿ ನೋಡುತ್ತೇನೆ, ಮೀನಖಂಡಕ್ಕೆ ಟೇಪು ಸುತ್ತುತ್ತೇನೆ, ಮನೆಯವರ ಜೀವ ತಿನ್ನುತ್ತೇನೆ: "ಕಳೆದ ತಿಂಗಳು ಎಷ್ಟು ತಿಂತಿದ್ರು? ಸರಿಯಾಗಿ ಹೇಳಿ." ಗೊತ್ತಿಲ್ಲ ಎಂದ ಮಕ್ಕಳಿಗೆ ಎಷ್ಟು ಸಲ ಮುಖಕ್ಕೆ ಹೊಡೆದ ಹಾಗೆ ಮಾತಾಡಿದ್ದೇನೋ!

ನ್ಯುಮೋನಿಯಾ ಎಂದು ಅಮ್ಮನನ್ನು ನಮ್ಮ ಐಸಿಯುಗೇ ಸೇರಿಸಿದ ದಿನ ಅದೇ ಪ್ರಶ್ನೆ ನರ್ಸ್ ಬಾಯಿಂದ ನನ್ನ ಪಾಲಿಗೆ ಬಂತು. "ಅಮ್ಮನ ಊಟ ಹೇಗಿತ್ತು ಮೇಡಂ?"

"ಚೆನ್ನಾಗಿ ಮಾಡ್ತಾರೆ," ಎಂದುಬಿಟ್ಟೆ. ಊರಿಗೆಲ್ಲ ಪಥ್ಯ ಹೇಳುವವಳ ತಾಯಿಯೇ ಅರೆಹೊಟ್ಟೆಯಲ್ಲಿದ್ದಳು ಎನ್ನಲು ನಾಲಿಗೆ ಏಳಲಿಲ್ಲ ಕಣೇ. ನಾನೇ ಹೇಳಿದ ಮೇಲೆ ಯಾರು ಟೇಪು ಸುತ್ತುತ್ತಾರೆ? ನಾನೂ ಹೊದಿಕೆ ಸರಿಸಲಿಲ್ಲ. ಮೊದಲ ದಿನವೇ ನಳಿಕೆಯಲ್ಲಿ ಪೂರ್ತಿ ಆಹಾರ ಹರಿಯಿತು.

ಮೂರನೇ ದಿನ ಎದೆಬಡಿತ ತಾಳ ತಪ್ಪಿತು. ಡಾಕ್ಟರು ರಕ್ತದ ವರದಿ ಹಿಡಿದು ಬಂದರು. "ಬಹಳ ದಿನ ಹಸಿದಿದ್ದ ಮೈಗೆ ಒಂದೇ ಸಲ ತುಂಬಿಸಿದ್ರೆ ಹೀಗಾಗುತ್ತೆ. ಮನೇಲಿ ಊಟ ಬಿಟ್ಟಿದ್ರಾ?"

ಆಗ ಬಾಯಿಬಿಟ್ಟೆ. ಎರಡು ತಿಂಗಳಿಂದ ಹಾಲು, ಟೀ ಬಿಟ್ಟು ಬೇರೇನೂ ಸೇರುತ್ತಿರಲಿಲ್ಲ; ಕೇಳಿದರೆ "ನಂದಾಯ್ತು, ನೀನು ತಿನ್ನು" ಎನ್ನುತ್ತಿದ್ದಳು ಎಂದೆ. ಕೂಡಲೇ ಆಹಾರದ ಪ್ರಮಾಣ ಇಳಿಸಿದರು, ಔಷಧಿ ಕೊಟ್ಟರು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗಂಡಾಂತರ ಇನ್ನೂ ಕಳೆದಿಲ್ಲ, ಬಂದುಬಿಡು. ವಿಡಿಯೋದಲ್ಲಿ ನೋಡಿ "ಅಮ್ಮ ಇಳಿದುಹೋಗಿದ್ದಾಳೆ ಅಕ್ಕಾ" ಎಂದಿದ್ದೆ ನೀನು. "ನನ್ನ ಕೆಲಸ ನಂಗೇ ಕಲಿಸ್ಬೇಡ" ಎಂದು ಗದರಿದ್ದೆ. ಕ್ಷಮಿಸು.

ಮಕ್ಕಳಿಗೆ ನನ್ನ ಮುತ್ತು, ಆಶೀರ್ವಾದ. ನೀವೆಲ್ಲ ತಣ್ಣಗಿರಿ.

ನಿನ್ನ ಅಕ್ಕ

ತಾ.ಕ.: ಅಮ್ಮ ಬಾಯಿ ಮುಚ್ಚಿಕೊಂಡದ್ದು ನೋವಿಗಲ್ಲ. ಎರಡು ತಿಂಗಳ ಹಿಂದೆ ಅವಳ ಹಲ್ಲಿನ ಸೆಟ್ಟು ಬಿರುಕು ಬಿಟ್ಟಿತ್ತು. "ರಿಪೇರಿಗೆ ಕೊಡೇ, ಅಗಿಯೋಕಾಗಲ್ಲ. ಬೊಚ್ಚು ಬಾಯಿ, ನಾಚ್ಕೆ ಬೇರೆ" ಎಂದು ಕರವಸ್ತ್ರದಲ್ಲಿ ಸುತ್ತಿ ಕೊಟ್ಟಳು. ಸ್ವಲ್ಪ ದಿನ ಕೇಳಿದಳು, ಆಮೇಲೆ ಕೇಳುವುದನ್ನೂ ಬಿಟ್ಟಳು. ಅದು ಇನ್ನೂ ನನ್ನ ಆಸ್ಪತ್ರೆಯ ಬ್ಯಾಗಿನಲ್ಲೇ ಇದೆ, ಅಳತೆಯ ಟೇಪಿನ ಪಕ್ಕದಲ್ಲಿ.