ಈ ಕಡೆ ತಿರುಗಿ

ಚಿಕಾಗೊ
ಮಾರ್ಚ್ ೯, ಭಾನುವಾರ

ಒಡೆಸ್ಸಾ,

'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದೆ. ಆ ಮಾತು ಬರೆಯುವ ಯೋಗ್ಯತೆಯನ್ನು ಗುರುವಾರ ಸಂಜೆ ಆ ಪುಸ್ತಕದಂಗಡಿಯಲ್ಲಿ ನಾನೇ ಕಳೆದುಕೊಂಡೆ. ನಿನಗೆ ನನ್ನ ಹೊಸ ಪುಸ್ತಕದ ಮುಂಗಡ ಪ್ರತಿ ಕಳಿಸಿದ ವಿಳಾಸಕ್ಕೇ ಈ ಕಾಗದ ಹಾಕುತ್ತಿದ್ದೇನೆ. ನಿನ್ನ ಅಜ್ಜಿ ಇದನ್ನು ಒಡೆಯದೆ ಕಸದ ಬುಟ್ಟಿಗೆ ಎಸೆದರೆ ಅದೂ ನ್ಯಾಯವೇ.

ಮೊದಲ ಪುಸ್ತಕ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಗೋಡೆ ಕಟ್ಟಿದ ಆ ಊರಿನಲ್ಲಿ ನೀರು ಕೇಳಿದವರನ್ನು ಜೈಲಿಗೆ ಹಾಕುವುದಿಲ್ಲ, ಚೌಕದಲ್ಲಿ ನಿಲ್ಲಿಸುತ್ತಾರೆ. ಎದುರು ಬದಿಯ ಧ್ವನಿವರ್ಧಕ 'ಎಲ್ಲರೂ ಈ ಕಡೆ ತಿರುಗಿ' ಎನ್ನುತ್ತದೆ. ಇಡೀ ಊರು ಆ ಒಬ್ಬರಿಗೆ ಬೆನ್ನು ಹಾಕುತ್ತದೆ. ಬೆನ್ನು ಹಾಕದೆ ನಿಂತವಳು ಜೂನಿ ಒಬ್ಬಳೇ. ಆಮೇಲೆ ನೀರಿನ ಗೇಟು ಒಡೆದವಳೂ ಅವಳೇ. ಅದನ್ನು ಓದಿ ನಿನ್ನಂಥ ಎಷ್ಟೋ ಮಕ್ಕಳು ಜೂನಿಯ ಹಾಗೆ ಮುಂಗೈಗೆ ನೀಲಿ ಬಟ್ಟೆ ಕಟ್ಟಿಕೊಂಡಿರಿ. ನಾನು ಬೀಗಿದೆ.

ಎರಡನೆಯ ಪುಸ್ತಕ, ಬಿಡುಗಡೆಗೆ ಮುಂಚೆ ಹಂಚಿದ ಪ್ರತಿಗಳಲ್ಲೇ, ನಿಮ್ಮನ್ನೆಲ್ಲ ಎರಡು ಪಾಳಯ ಮಾಡಿತು. ಜೂನಿ ಕೊನೆಗೂ ದೊಡ್ಡವಳಾದಳು ಎಂದು ಟೊರಾಂಟೊದ ಹುಡುಗನೊಬ್ಬ ಖುಷಿಯಲ್ಲಿ ಅತ್ತು ಬರೆದ. ಟೂಸಾನ್‌ನ ಒಬ್ಬಳು ಪುಸ್ತಕವನ್ನು ಬೆಕ್ಕಿನ ಮಲದ ತಟ್ಟೆಗೆ ಹಾಸಿ ಫೋಟೊ ಕಳಿಸಿದಳು. ಮೊದಲ ಪುಸ್ತಕವನ್ನು ತನ್ನ ಶಾಲೆಯ ಕಪಾಟಿನಿಂದ ತೆಗೆಸಿದ್ದ ಮುಖ್ಯೋಪಾಧ್ಯಾಯನೊಬ್ಬ ಇದಕ್ಕೆ ಐದು ನಕ್ಷತ್ರ ಕೊಟ್ಟು, ಈಗ ಲೇಖಕಿಗೆ ಬುದ್ಧಿ ಬಂದಿದೆ ಎಂದ. ನನಗೆ ಉರಿಯಬೇಕಿದ್ದದ್ದು ಆ ಹೊಗಳಿಕೆ. ಉರಿದದ್ದು ನಿನ್ನ ಒಂದು ನಕ್ಷತ್ರ.

ನೀನು ಬರೆದದ್ದು ಇಷ್ಟೇ: 'ಮೊದಲನೇ ಪುಸ್ತಕದಲ್ಲಿ ಜೂನಿ ಗೇಟು ಒಡೆದಳು. ಎರಡನೇದರಲ್ಲಿ ಅದೇ ಗೇಟಿನ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಕುರ್ಚಿ ಮೇಲೆ ಕೂತಳು. ಲೇಖಕಿ ಯಾವ ಕಡೆ ಹೋದರು?'

ನಾನು ನಿಮ್ಮ ಗ್ಯಾರಿ ಊರಿನ ಉಕ್ಕಿನ ಕಾರ್ಖಾನೆಯ ಗೇಟಿನಲ್ಲಿ ಮುಷ್ಕರದ ಫಲಕ ಹಿಡಿದು ನಿಂತವಳು. ಪೊಲೀಸರ ಲಾಠಿಗೆ ಹೆದರಲಿಲ್ಲ. ಹದಿನಾರರ ಹುಡುಗಿಯ ಒಂದು ಪ್ರಶ್ನೆಗೆ ಹೆದರಿದೆ. ನಿನ್ನ ಬರಹವನ್ನು ಹೆಸರಿನ ಸಮೇತ ನನ್ನ ಅಂತರ್ಜಾಲ ಪುಟದಲ್ಲಿ ಹಾಕಿ, ಪುಕ್ಕಟೆ ಪ್ರತಿ ತಿಂದು ತಟ್ಟೆಗೇ ಉಗುಳುವವರೂ ಇದ್ದಾರೆ ಎಂದು ಬರೆದೆ. ನೀಲಿ ಬಟ್ಟೆಯ ನನ್ನ ಸೈನ್ಯ ನಿನ್ನ ಮೇಲೆ ಬಿತ್ತು. ನೀನು ನಿನ್ನ ಪುಟ ಮುಚ್ಚಿದೆ. ಗೆದ್ದೆ ಅಂದುಕೊಂಡೆ. ನನ್ನಂಥವಳು ಹಾಗೆ ಅಂದುಕೊಂಡದ್ದನ್ನು ಬರೆಯುವಾಗ ಕೈಗೆ ಹೇಸಿಗೆಯಾಗುತ್ತಿದೆ.

ಅಷ್ಟಕ್ಕೇ ನಿಲ್ಲಲಿಲ್ಲ. ಗುರುವಾರ ಬಿಡುಗಡೆಯ ಸಭೆಯಲ್ಲಿ ನಿನ್ನ ಸಾಲುಗಳನ್ನು ಮೂಗಿನಲ್ಲಿ ರಾಗ ಎಳೆದು ಓದಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಗ ಹಿಂದಿನ ಸಾಲಿನಲ್ಲಿ ನಿನ್ನ ಅಜ್ಜಿ ಎದ್ದರು. ಭಾನುವಾರ ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡು ಬಂದಿದ್ದರು, ನನಗೆ ಮರ್ಯಾದೆ ಕೊಡಲೆಂದು.

"ಆ ಹುಡುಗಿ ಇಲ್ಲೇ ಕೂತವ್ಳೆ, ತಾಯಿ. ಅವಳ ದನಿ ಹಂಗಿಲ್ಲ. ಅವಳು ಬರ್ದಿದ್ದು ಅವಳೇ ಓದ್ಲಿ, ಬಿಡು."

ತಲೆಗಳೆಲ್ಲ ಹಿಂದಕ್ಕೆ ಹೊರಳಿದವು. ಮೊದಲ ಪುಸ್ತಕವನ್ನು ಎದೆಗೆ ಒತ್ತಿಕೊಂಡು ನೀನು ಏಳುತ್ತಿದ್ದೆ. ಮೈಕು ನನ್ನ ಕೈಯಲ್ಲಿತ್ತು. ಸಮಯವಾಯಿತು, ಸಹಿ ಹಾಕಬೇಕು ಎಂದೆ. ಯಾರೂ ಕದಲಲಿಲ್ಲ. ಆಗ ನನ್ನ ಬಾಯಿಂದ ಬಂತು:

"ಎಲ್ರೂ ಈ ಕಡೆ ತಿರುಗಿ."

ತಿರುಗಿದರು. ನಿನ್ನ ಅಜ್ಜಿ ಬಿಟ್ಟರೆ ಒಬ್ಬರೂ ಉಳಿಯದೆ ನಿನಗೆ ಬೆನ್ನು ಹಾಕಿದರು. ಅವರಲ್ಲದೆ ನಿನ್ನನ್ನು ನೋಡುತ್ತ ಉಳಿದವಳು ನಾನೊಬ್ಬಳೇ, ಆದರೆ ನಾನು ಜೂನಿಯಾಗಿರಲಿಲ್ಲ. ನೀನು ಮುಂಗೈಯ ಬಟ್ಟೆ ಬಿಚ್ಚಿ ಕುರ್ಚಿಯ ಮೇಲಿಟ್ಟು ಹೇಳಿದೆ:

"ಇದು ಮೊದಲನೇ ಪುಸ್ತಕದ ಧ್ವನಿವರ್ಧಕದ ಮಾತು, ಮಿಸ್ ವರ್ಲೀನ್. ಚೆನ್ನಾಗೇ ಬರ್ದಿದ್ರಿ."

ಸಹಿಗೆ ಸಾಲು ನಿಂತ ಮಕ್ಕಳು ನನ್ನ ಮುಖ ನೋಡಲಿಲ್ಲ. ನಾನೂ ಅವರದನ್ನು ನೋಡಲಿಲ್ಲ. ಕೆಲವರು ಸಹಿ ಬೇಡವೆಂದು ಹೊರಟೇಹೋದರು.

ನಿನ್ನ ಅಜ್ಜಿಗೆ ನಿನ್ನೆ ಫೋನ್ ಮಾಡಿದ್ದೆ. ನೀನು ಶಾಲೆಯ ಪತ್ರಿಕೆಗೆ ಇನ್ನು ಬರೆಯುವುದಿಲ್ಲ ಎಂದು ಹೇಳಿದೆಯಂತೆ. ಅಷ್ಟು ಹೇಳಿ ಫೋನ್ ಇಟ್ಟರು. ಕ್ಷಮೆ ಕೇಳುವುದು ನನಗೆ ಸುಲಭ, ಮಾತು ನನ್ನ ಕಸುಬು. ಆದರೆ ನಿನ್ನ ಬರವಣಿಗೆ ನಿಂತರೆ ಅದನ್ನು ನಿಲ್ಲಿಸಿದವಳು ನಾನು. ಹಾಗಾಗಬಾರದು.

ಎರಡನೆಯ ಪುಸ್ತಕದ ಕೊನೆ ಹಾಗಾದದ್ದಕ್ಕೆ ನನ್ನ ಸಂಪಾದಕಿಯ ಒತ್ತಾಯವೂ ಇತ್ತು. ಮೂರನೆಯ ಭಾಗಕ್ಕೆ ಜೂನಿ ಕುರ್ಚಿಯಲ್ಲಿರಬೇಕಿತ್ತಂತೆ. ಅದಿರಲಿ.

ಬರುವ ಶನಿವಾರ ಮಧ್ಯಾಹ್ನ ಗ್ಯಾರಿಯಲ್ಲಿ, ನಿಮ್ಮ ಮನೆ ಹತ್ತಿರದ ಚರ್ಚಿನ ಸಭಾಂಗಣದಲ್ಲಿ ನನ್ನ ಪುಸ್ತಕದ ಓದು ಇದೆ. ನಾನು ಓದುವುದಿಲ್ಲ. ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ನೀನು ಬರೆದದ್ದನ್ನು ನಿನ್ನ ದನಿಯಲ್ಲೇ ಓದು, ಬೇಕಾದರೆ ಇನ್ನಷ್ಟು ಬರೆದು ತಂದು ಓದು. ನೀನು ಬರದಿದ್ದರೆ ಮೈಕು ಖಾಲಿ ನಿಲ್ಲುತ್ತದೆ, ಯಾಕೆಂದು ಬಂದವರಿಗೆ ನಾನು ಕೂತಲ್ಲಿಂದಲೇ ಹೇಳುತ್ತೇನೆ. ನಿನ್ನ ಬಟ್ಟೆ ನನ್ನ ಹತ್ತಿರ ಇದೆ. ಕಟ್ಟಿಕೊಂಡಿಲ್ಲ.

ತಲೆ ಎತ್ತಲಾರದ,
ವರ್ಲೀನ್ ಮ್ಯಾಡಕ್ಸ್

ಮರೆತು ಬಿಟ್ಟದ್ದಲ್ಲ, ಮುಚ್ಚಿಟ್ಟದ್ದು: ಸಂಪಾದಕಿಯ ಬಗ್ಗೆ ಮೇಲೆ ಬರೆದದ್ದು ಸುಳ್ಳು. ಗೇಟು ಮತ್ತೆ ಒಡೆಯುವ ಕೊನೆಯನ್ನೇ ಇಡು ಎಂದು ಅವಳು ಗೋಗರೆದಳು. ಬದಲಿಸಿದವಳು ನಾನು. ಕಳೆದ ವರ್ಷ ಇಲ್ಲಿನ ನೀರಿನ ಕಂಪನಿಯೊಂದು ತನ್ನ ಸಲಹಾ ಮಂಡಳಿಯಲ್ಲಿ ನನಗೊಂದು ಜಾಗ ಕೊಟ್ಟಿತು. ಬಡವರ ಕೇರಿಯ ನಲ್ಲಿ ಕತ್ತರಿಸುವ ತೀರ್ಮಾನಕ್ಕೆ ಎಲ್ಲರ ಜೊತೆ ನಾನೂ ಕೈ ಎತ್ತಿದೆ. ಆಮೇಲೆ ಮನೆಗೆ ಬಂದು ಜೂನಿಯನ್ನೂ ಕುರ್ಚಿಯಲ್ಲಿ ಕೂರಿಸಿದೆ. ಯಾವ ಕಡೆ ಹೋದೆ ಎಂದು ಕೇಳಿದವಳು ನೀನೊಬ್ಬಳೇ. ಶನಿವಾರ ಮೈಕಿನಲ್ಲಿ ಇದನ್ನೂ ಓದು.