ಬುಧವಾರದವಳು

ವಕ್ಕಲೇರಿ,
14-2-1982, ಭಾನುವಾರ

ಮುದ್ದಿನ ಮಗಳು ಅನಸೂಯಳಿಗೆ,

ನಿನ್ನ ಅರೆತಲೆನೋವು ಈಗ ಹೇಗಿದೆ? ಹೊಸಪೇಟೆಯಲ್ಲಿ ಬಿಸಿಲು ಈಗಾಗಲೇ ಶುರುವಾಗಿರಬೇಕು. ಹೊರಗೆ ಹೋಗುವಾಗ ಸೆರಗನ್ನು ತಲೆಯ ಮೇಲೆ ಹೊದ್ದುಕೋ, ಅದರಲ್ಲಿ ನಾಚಿಕೆಯೇನೂ ಇಲ್ಲ. ಪುಟ್ಟಿ ಗೋಡೆ ಹಿಡಿದು ನಡೆಯುತ್ತಾಳೆ ಎಂದು ನೀನು ಬರೆದಿದ್ದೆ. ಬಿದ್ದರೆ ಬೀಳಲಿ, ಪ್ರತಿ ಸಲವೂ ಓಡಿಹೋಗಿ ಎತ್ತಿಕೊಳ್ಳಬೇಡ. ಅಳಿಯಂದಿರು ಬೆನ್ನುನೋವಿಗೆ ಹರಳೆಣ್ಣೆ ಹಚ್ಚಿಕೊಳ್ಳುವುದಿಲ್ಲವಂತೆ, ವಾಸನೆ ಅನ್ನುತ್ತಾರಂತೆ. ಹಾಗಾದರೆ ನೋವೇ ಇರಲಿ ಅಂತ ನಾನು ಹೇಳಿದೆನೆಂದು ಹೇಳಬೇಡ. ನನ್ನ ಆರೋಗ್ಯ ಫೈನ್, ಅಂದರೆ ಮೊಣಕಾಲು ಬಿಟ್ಟು ಉಳಿದದ್ದೆಲ್ಲ ಫೈನ್.

ಈಗ ನಿನ್ನ ಅತ್ತೆಯ, ಅಂದರೆ ನಮ್ಮ ಅಕ್ಕನ ವಿಷಯ. ಬೆಂಗಳೂರಿನಲ್ಲಿ ಆಪರೇಷನ್ ಆದ ದಿನ ಡಾಕ್ಟರು ನಮ್ಮಿಬ್ಬರನ್ನೂ ವರಾಂಡಕ್ಕೆ ಕರೆದು ಹೇಳಿದ್ದನ್ನು ನೀನು ಮರೆತಿರಲಾರೆ. ಅಂಡಾಶಯದ ಕ್ಯಾನ್ಸರ್, ಹೊಟ್ಟೆಯೆಲ್ಲ ಹರಡಿದೆ, ತೆಗೆಯುವಷ್ಟು ತೆಗೆದಿದ್ದೇವೆ, ಮನೆಗೆ ಕರೆದುಕೊಂಡು ಹೋಗಿ, ಶೀ ನೀಡ್ಸ್ ಮಾರಲ್ ಸಪೋರ್ಟ್ ಎಂದರು. ನೀನು ಅಳುತ್ತಿದ್ದೆ, ಆದ್ದರಿಂದ ಆ ಕೊನೆಯ ಮಾತು ನನ್ನ ಕಿವಿಗೆ ಮಾತ್ರ ಬಿತ್ತು, ನನಗೇ ಒಪ್ಪಿಸಿದ ಕೆಲಸ ಎಂದು ತಿಳಿದೆ. ರೇಷ್ಮೆ ಇಲಾಖೆಯಲ್ಲಿ ಸರ್ವೀಸ್ ಮಾಡಿದವನು ನಾನು. ಆರ್ಡರ್ ಯಾರ ಹೆಸರಿಗೆ ಬಂದಿದೆಯೋ ಅವರೇ ಚಾರ್ಜ್ ತೆಗೆದುಕೊಳ್ಳಬೇಕು. ಅತ್ತೆಗೆ ಬರೀ ಗಡ್ಡೆ ಇತ್ತು, ತೆಗೆದಾಯಿತು ಎಂದು ಹೇಳುವುದೆಂದು ನೀನೂ ನಾನೂ ಅಲ್ಲೇ ಮಾತಾಡಿಕೊಂಡೆವು. ಪೇಷೆಂಟ್ ಶುಡ್ ನಾಟ್ ನೋ, ಅಷ್ಟೇ.

ನಾನು ಚಾರ್ಜ್ ತೆಗೆದುಕೊಂಡೆ ಕಣಮ್ಮ, ಪೂರ್ತಿ ಮನಸ್ಸಿಟ್ಟು ತೆಗೆದುಕೊಂಡೆ. ಬೆಳಗ್ಗೆ ಪೇಪರಿನಲ್ಲಿ ಒಳ್ಳೆಯ ಸುದ್ದಿಗಳನ್ನು ಮಾತ್ರ ಆರಿಸಿ ಅಕ್ಕನಿಗೆ ಓದುತ್ತಿದ್ದೆ. ಕೊಲೆ, ಕಳವು, ಬಸ್ಸು ಉರುಳಿದ್ದು ಎಲ್ಲ ಹಾರಿಸಿದರೆ ಪೇಪರಿನಲ್ಲಿ ಏನು ಉಳಿಯುತ್ತದೆ? ಹವಾಮಾನ ಓದುತ್ತಿದ್ದೆ. ಅವಳ ಮುಖ ಸಪ್ಪಗಿದ್ದರೆ ಇಂಟರ್‌ಮೀಡಿಯೆಟ್‌ನಲ್ಲಿ ಬಾಯಿಪಾಠ ಮಾಡಿದ್ದ ಇಂಗ್ಲಿಷ್ ಪದ್ಯ ಹೇಳುತ್ತಿದ್ದೆ. ಮೊದಲ ಸಾಲೂ ಕೊನೆಯ ಸಾಲೂ ನೆನಪಿವೆ, ನಡುವೆ ರಾಗದಲ್ಲಿ ತುಂಬಿಸುತ್ತಿದ್ದೆ. ಅಕ್ಕ ಕೊನೆಯವರೆಗೂ ಕೇಳಿ, "ಚೆನ್ನಾಗೈತೆ ಕಣೋ ಕೋದಂಡ, ಈಗ ಸ್ವಲ್ಪ ಮಲಗ್ತೀನಿ" ಎಂದು ಗೋಡೆಯ ಕಡೆ ತಿರುಗುತ್ತಿದ್ದಳು. ಕೋಲಾರಕ್ಕೆ ಹೋಗಿ ಕಿತ್ತಳೆ ತರುತ್ತಿದ್ದೆ. ಅದನ್ನು ಬಿಡಿಸಿ ನನಗೇ ತಿನ್ನಿಸುತ್ತಿದ್ದಳು. ನಿಮ್ಮಮ್ಮ ಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರೇ ಅಲ್ಲವೇ? ಹದಿನೇಳಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದು ಮೊದಲು ನನ್ನನ್ನು, ಆಮೇಲೆ ನಿನ್ನನ್ನು ಸಾಕಿದವಳು. ಅವಳ ಮನಸ್ಸಿನಲ್ಲಿ ಏನಿದ್ದರೂ ನನಗೆ ಹೇಳಿಯೇ ಹೇಳುತ್ತಾಳೆ ಎಂದುಕೊಂಡಿದ್ದೆ.

ಅಷ್ಟರಲ್ಲಿ ಬಂದಳು ನೋಡು ಆ ಮುತ್ಯಾಲಮ್ಮ. ನೆನಪಿರಬೇಕು ನಿನಗೆ, ಆಸ್ಪತ್ರೆಯಲ್ಲಿ ಅತ್ತೆಯ ಪಕ್ಕದ ಮಂಚದವಳು, ಶ್ರೀನಿವಾಸಪುರದ ಕಡೆಯ ಮಾವಿನ ತೋಪಿನವಳು, ನರ್ಸುಗಳನ್ನೆಲ್ಲ ತೆಲುಗಿನಲ್ಲಿ ಬೈಯುತ್ತಿದ್ದವಳು. ಅವಳಿಗೂ ಇದೇ ಕಾಯಿಲೆ, ಇಷ್ಟೇ ಮುಂದುವರಿದದ್ದು. ದೀಪಾವಳಿ ಕಳೆದ ಮೇಲೆ ಒಂದು ಬುಧವಾರ ಕೋಲಾರದಲ್ಲಿ ಬಸ್ಸು ಬದಲಾಯಿಸಿ, ಉಬ್ಬಿದ ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಉಪ್ಪಿನಕಾಯಿ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದಳು. ನಾನು ಸ್ಟೂಲು ಹಾಕಿದೆ. ಅವಳು ಅದರ ಕಡೆ ನೋಡಲೂ ಇಲ್ಲ, ಅಕ್ಕನ ಮಂಚವನ್ನೇ ಹತ್ತಿ ಕಾಲು ಮಡಿಸಿ ಕೂತಳು. "ಏಮೇ ಗಂಗಾ, ಇಂಕಾ ಬತಿಕೇ ಉಂಡಾವಾ" ಎಂದಳು. ಇನ್ನೂ ಬದುಕಿದ್ದೀಯಾ ಎಂದು ಕೇಳುವುದೇ ಅವಳ ನಮಸ್ಕಾರ. ನಮ್ಮ ಅಪ್ಪ ಹೋದ ಮೇಲೆ ಅಕ್ಕನನ್ನು ಬರೀ ಗಂಗಾ ಎಂದು ಕರೆದವರಿಲ್ಲ. ಊರಿಗೆಲ್ಲ ಅವಳು ಗಂಗರತ್ನಮ್ಮನವರು. ನಾನು ಈ ಹೆಂಗಸನ್ನು ಈಗಿಂದೀಗಲೇ ಹೊರಗೆ ಕಳಿಸಬೇಕು ಎಂದುಕೊಳ್ಳುವಷ್ಟರಲ್ಲಿ ಅಕ್ಕ ನಕ್ಕಳು. ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕಳು. "ನಿನ್ನ ಮೊದಲು ಕಳಿಸಿ ಆಮೇಲೆ ಹೋಗ್ತೀನಿ ಕಣೇ" ಎಂದಳು. ನನ್ನ ಹವಾಮಾನ, ನನ್ನ ಪದ್ಯ, ನನ್ನ ಕಿತ್ತಳೆ ಒಂದಕ್ಕೂ ಹುಟ್ಟದ ನಗು ಅದು.

ಆಮೇಲೆ ಪ್ರತಿ ಬುಧವಾರವೂ ಅದೇ. ಮಂಗಳವಾರ ಸಂಜೆಯೇ ಅಕ್ಕ ತಲೆ ಬಾಚಿಸಿಕೊಳ್ಳಲು ಪಕ್ಕದ ಮನೆಯವರನ್ನು ಕರೆಸುತ್ತಿದ್ದಳು. ಮುತ್ಯಾಲಮ್ಮ ಬಂದವಳು ನನ್ನನ್ನು ನೋಡಿ, "ಕೋದಂಡಪ್ಪ, ಕಾಫಿ ಕಾಸಪ್ಪ, ಅವಸರ ಏನಿಲ್ಲ, ನಿಧಾನಕ್ಕೆ ಕಾಸು" ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ನನಗೇ ಡ್ಯೂಟಿ ಹಾಕುವವಳು. ಕಾಫಿ ತಂದರೆ ಇಬ್ಬರೂ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಡಾಕ್ಟರು ಖಾರ ಬೇಡ ಎಂದಿದ್ದಾರೆ ಎಂದು ನಾನು ಎಷ್ಟು ಹೇಳಿದರೂ ಗಂಜಿಗೆ ಅವಳ ಉಪ್ಪಿನಕಾಯಿಯೇ ಆಗಬೇಕು. ಅವಳಿಗೇನು ಕ್ವಾಲಿಫಿಕೇಷನ್, ಹೇಳು? ಹೆಬ್ಬೆಟ್ಟು ಒತ್ತುವವಳು. ನಾನು ಜೆಲಸ್ ಎಂದು ನೀನು ನಗಬಹುದು. ನಗು. ಆದರೆ ನಿನ್ನ ಅಪ್ಪ ಅರವತ್ತು ವರ್ಷ ಜೊತೆಗಿದ್ದು ಗಳಿಸಲಾಗದ್ದನ್ನು ಒಬ್ಬಳು ಆಸ್ಪತ್ರೆಯ ಹದಿನೈದು ದಿನದಲ್ಲಿ ಗಳಿಸಿಕೊಂಡರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಒಂದು ಬುಧವಾರ ನಾನು ಅಡುಗೆಮನೆಯಲ್ಲಿ ಹಾಲು ಉಕ್ಕುವುದನ್ನು ಕಾಯುತ್ತಿದ್ದೆ. ಕದ್ದು ಕೇಳಿದ್ದಲ್ಲ, ಆ ಗೋಡೆಯ ಕಿಂಡಿ ನಿನಗೆ ಗೊತ್ತೇ ಇದೆ, ಕೋಣೆಯ ಮಾತು ತಾನಾಗಿ ಬರುತ್ತದೆ. ತಮ್ಮನಿಗೆ ಹೇಳಿದೆಯಾ ಎಂದು ಮುತ್ಯಾಲಮ್ಮ ಕೇಳಿದಳು. ಅಕ್ಕ ಹೇಳಿದ್ದು ಇದು: "ಅವ್ನಿಗೆ ಗೊತ್ತಾಗ್ಬಾರ್ದು ಕಣೇ. ನಾನು ಬರೀ ಗಡ್ಡೆ ಅಂದ್ಕೊಂಡಿದೀನಿ ಅಂತ ನಂಬ್ಕೊಂಡವ್ನೆ. ನಂಗೆ ಗೊತ್ತೈತೆ ಅಂತ ತಿಳಿದ್ರೆ ಕುಸಿದೋಗ್ತಾನೆ." ಆಸ್ಪತ್ರೆಯಲ್ಲೇ, ಆಪರೇಷನ್ ಆದ ಮೇಲೆ ಒಂದು ದಿನ ನಾವಿಬ್ಬರೂ ವರಾಂಡದಲ್ಲಿದ್ದಾಗ, ಮುತ್ಯಾಲಮ್ಮ ತನ್ನ ಮಗನ ಬಾಯಿ ಬಿಡಿಸಿ ಇಬ್ಬರಿಗೂ ಒಂದೇ ಕಾಯಿಲೆ ಎಂದು ತಿಳಿದುಕೊಂಡು ಅಕ್ಕನಿಗೂ ಹೇಳಿಬಿಟ್ಟಿದ್ದಳಂತೆ. ಅಂದರೆ ಇಷ್ಟು ತಿಂಗಳು ನನ್ನ ಪದ್ಯ ಕೇಳಿ ಚೆನ್ನಾಗೈತೆ ಎನ್ನುತ್ತಿದ್ದದ್ದು ಯಾರು ಯಾರಿಗೆ ಕೊಟ್ಟ ಮಾರಲ್ ಸಪೋರ್ಟ್? ಯೋಚಿಸಿ ನೋಡು. ಅಷ್ಟಕ್ಕೇ ನಿಲ್ಲಲಿಲ್ಲ. ಮುತ್ಯಾಲಮ್ಮ ಮತ್ತೆ, "ನಿಜ ಹೇಳು ಗಂಗಾ, ಯಾವುದಕ್ಕೆ ಭಯ ನಿಂಗೆ?" ಎಂದಳು. ಅಕ್ಕ ಏನೋ ಹೇಳಿದಳು, ತೀರ ಮೆಲ್ಲಗೆ. ಅಷ್ಟರಲ್ಲಿ ನನ್ನ ಹಾಲು ಉಕ್ಕಿ ಒಲೆಗೆ ಸುರಿಯಿತು. ನನಗೆ ಕೇಳಿಸಲಿಲ್ಲ. ಅಕ್ಕನಿಗೆ ಯಾವುದೋ ಒಂದು ಭಯವಿದೆ, ಅದು ಶ್ರೀನಿವಾಸಪುರಕ್ಕೆ ಗೊತ್ತು, ವಕ್ಕಲೇರಿಗೆ ಗೊತ್ತಿಲ್ಲ. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ.

ಸಂಕ್ರಾಂತಿ ಆದ ಮೇಲೆ ನಡೆದದ್ದನ್ನು ಹೇಗೆ ಬರೆಯಲಿ? ನಮ್ಮ ಕಡೆ ಸಾವಾದ ಮನೆಯಲ್ಲಿ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ಹಾಡಿಕೊಂಡು ಅಳುತ್ತಾರಲ್ಲ, ಸತ್ತವರ ಬದುಕನ್ನೆಲ್ಲ ಒಂದೊಂದಾಗಿ ಹೇಳಿಕೊಂಡು? ಊರೆಲ್ಲ ಕೇಳುತ್ತದೆ, ಯಾರ ಮೇಲೆ ಹಾಡಿದರೋ ಅವರೊಬ್ಬರಿಗೆ ಕೇಳಿಸುವುದಿಲ್ಲ. ಇದು ಅನ್ಯಾಯ ಎಂದು ಈ ಇಬ್ಬರೂ ತೀರ್ಮಾನ ಮಾಡಿದ್ದಾರೆ. ಬದುಕಿದ್ದಾಗಲೇ ಅವಳ ಮೇಲೆ ಇವಳು, ಇವಳ ಮೇಲೆ ಅವಳು ಹಾಡಿಬಿಡುವುದು. ನಾನು ಕಾಫಿ ಲೋಟ ಹಿಡಿದು ಬಾಗಿಲಿಗೆ ಬರುವ ಹೊತ್ತಿಗೆ ಮುತ್ಯಾಲಮ್ಮ ಮುಖಕ್ಕೆ ಸೆರಗು ಹಾಕಿಕೊಂಡು ನಮ್ಮ ಅಕ್ಕನ ಕೈ ಹಿಡಿದು ಹಾಡುತ್ತಿದ್ದಳು, ಅರ್ಧ ತೆಲುಗು ಅರ್ಧ ಕನ್ನಡ. ಎಳೆ ರಾಗಿ ಪೈರಿನಂಥವಳೇ ಗಂಗಾ ಎಂದಳು. ಹದಿನೇಳಕ್ಕೆ ಬಳೆ ಒಡೆಸಿಕೊಂಡವಳೇ, ನಾದಿನಿ ಸಂತೆಗೆ ಹೋದಾಗ ಅವಳ ಹಸಿರು ಬಳೆ ತೊಟ್ಟು ನೋಡಿ, ಬಾಗಿಲ ಸದ್ದಿಗೆ ಬಿಚ್ಚಿಟ್ಟವಳೇ ಎಂದಳು. ಅನಸೂಯಾ, ಆ ಬಳೆ ನಿಮ್ಮಮ್ಮನದು. ನಾನು ಅದೇ ಮನೆಯಲ್ಲಿದ್ದೆ, ನನಗೆ ಗೊತ್ತಿರಲಿಲ್ಲ. ನನ್ನ ಹೆಸರು ಬಂದದ್ದು ಒಂದೇ ಒಂದು ಸಾಲಿನಲ್ಲಿ: ತಮ್ಮನ ಕಣ್ಣಿಗೆ ಗಟ್ಟಿಗಿತ್ತಿ ನೀನು, ನನ್ನ ಮಡಿಲಿಗೆ ಹೆದರಿದ ಹುಡುಗಿ ನೀನು ಎಂದು. ಹಾಡು ಮುಗಿದ ಮೇಲೆ ಇಬ್ಬರೂ ಕಣ್ಣು ಒರೆಸಿಕೊಂಡರು. ಆಮೇಲೆ ಅಕ್ಕ, "ನಾನು ಎಮ್ಮೆ ಕಳ್ಕೊಂಡು ಹುಡುಕಿದ್ದು ಬಿಟ್ಬಿಟ್ಟೆ ನೀನು" ಎಂದು ತಪ್ಪು ತೋರಿಸಿದಳು. ನಾನು ಲೋಟವನ್ನು ಅಲ್ಲೇ ಇಟ್ಟು ಹಿತ್ತಲಿಗೆ ಹೋದೆ. ತಮ್ಮಂದಿರು ಹಾಡಿಕೊಂಡು ಅಳುವ ಪದ್ಧತಿ ಯಾವ ಊರಲ್ಲೂ ಇಲ್ಲ.

ಮುಂದಿನ ಬುಧವಾರ ಅಕ್ಕನ ಸರದಿ, ಮುತ್ಯಾಲಮ್ಮನ ಮೇಲೆ ಹಾಡುವುದು. ವಾರವೆಲ್ಲ ತುಟಿ ಅಲ್ಲಾಡಿಸಿಕೊಂಡು ಸಾಲು ಕಟ್ಟುತ್ತಿದ್ದಳು. ಆದರೆ ಮುತ್ಯಾಲಮ್ಮ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಮೊದಲ ಬುಧವಾರ ನನಗೆ ಖುಷಿಯಾಯಿತು, ಯಾಕೆ ಮುಚ್ಚಿಡಲಿ. ನಾನೇ ಮಂಚ ಹತ್ತಿ ಮೊಣಕಾಲು ನೋವಿನಲ್ಲೂ ಕಾಲು ಮಡಿಸಿ ಕೂತು, ನಿನಗೆ ಯಾವುದಕ್ಕೆ ಭಯ ಅಕ್ಕ ಎಂದು ಕೇಳಿದೆ. ಅವಳು ನನ್ನ ತಲೆ ಸವರಿ, "ಯಾಕೋ, ಹಸಿವಾ?" ಎಂದಳು. ಎರಡನೆಯ ಬುಧವಾರದಿಂದ ಅವಳೇ ಗಂಜಿ ಬಿಟ್ಟಿದ್ದಾಳೆ. ಹೊಟ್ಟೆಯಲ್ಲಿ ಮತ್ತೆ ನೀರು ತುಂಬಿದೆ, ಕೋಲಾರಕ್ಕೆ ಹೋಗಿ ತೆಗೆಸೋಣ ಎಂದರೆ ಬೇಡ ಅನ್ನುತ್ತಾಳೆ. ಬಸ್ಸಿನ ಹಾರನ್ ಕೇಳಿದಾಗ ಮಾತ್ರ ಕಣ್ಣು ತೆರೆಯುತ್ತಾಳೆ, ಆಮೇಲೆ ಬಾಗಿಲಲ್ಲಿ ನಾನಿರುವುದನ್ನು ನೋಡಿ ಮುಚ್ಚುತ್ತಾಳೆ. ಆ ಮುಚ್ಚುವುದಿದೆಯಲ್ಲ, ಅದನ್ನು ನೋಡಿಕೊಂಡಿರುವುದು ಕಷ್ಟ ಕಣಮ್ಮ.

ಇದನ್ನೆಲ್ಲ ದೂರು ಎಂದು ತಿಳಿಯಬೇಡ. ಬೇರೆ ಯಾರಿಗೆ ಬರೆಯಲಿ? ನಿಮ್ಮ ಮನೆಯ ಒಲೆ ಸದಾ ಬೆಚ್ಚಗಿರಲಿ, ಪುಟ್ಟಿಯ ಕಾಲಿಗೆ ಬಲ ಬರಲಿ, ಅಳಿಯಂದಿರಿಗೆ ನನ್ನ ನೆನಪು ತಿಳಿಸು.

ನಿನ್ನ ಅಪ್ಪ,
ಕೋದಂಡರಾಮಪ್ಪ

ಮತ್ತೊಂದು ಮಾತು: ಲಕೋಟೆ ಅಂಟಿಸುವ ಮೊದಲು ಮುತ್ಯಾಲಮ್ಮನ ಮಗ ಶ್ರೀರಾಮಪ್ಪ ಬಂದ. ಅವನಮ್ಮ ಎದ್ದು ಕೂರಲಾರಳಂತೆ, ಗಂಗಾ ಗಂಗಾ ಎನ್ನುತ್ತಾಳಂತೆ. ಅಕ್ಕ ಕೇಳಿಸಿಕೊಂಡು ತಾನಾಗಿ ಎದ್ದು ಕೂತು, "ನನ್ನ ಅಲ್ಲಿಗೆ ಬಿಟ್ಬಾ ಕೋದಂಡ, ಇನ್ನು ಅಲ್ಲೇ ಇರ್ತೀನಿ" ಎಂದಳು. ತವರಿನಲ್ಲಿ ಸಾಯದೆ ಇನ್ನೊಬ್ಬರ ಮನೆಗೆ ಹೋಗುವುದೇ, ಜನ ನನ್ನ ಮುಖಕ್ಕೆ ಉಗಿಯುವುದಿಲ್ಲವೇ, ನಾನೇನು ಕಡಿಮೆ ಮಾಡಿದೆ ಎಂದು ನಾನು ಕೂಗಾಡಿದೆ. ಅವಳು ನನ್ನ ಕಡೆ ನೋಡಲಿಲ್ಲ. "ಮೈಮೇಲೆ ಜ್ಞಾನ ತಪ್ಪಿ ಬಟ್ಟೆ ಕೆಟ್ರೆ ನೀನು ತೊಳೀಬೇಕಲ್ಲೋ. ಅದೊಂದೇ ಭಯ ನಂಗೆ. ನಿಂಗೆ ಸ್ನಾನ ಮಾಡಿಸ್ದೋಳು ನಾನು. ಅಲ್ಲಿ ಸೊಸೆ ಭಾರತಮ್ಮ ಇದಾಳೆ" ಎಂದಳು. ರೇಷ್ಮೆ ಹುಳುವಿನ ತಟ್ಟೆ ಬಾಚಿದ ಕೈ ಇದು, ನನಗೆ ಅಸಹ್ಯವಿಲ್ಲ ಎಂದೆ. "ನಂಗೈತೆ" ಎಂದಳು. ನನಗೆ ಹೇಳಿದಳು ನೋಡು, ನನಗೇ.

ನಾಳೆ ಬೆಳಗ್ಗೆ ಕೋಲಾರದಿಂದ ಕಾರು ಬರುತ್ತದೆ, ಕರೆದುಕೊಂಡು ಹೋಗುತ್ತೇನೆ. ನಾನೂ ಅಲ್ಲೇ ಅವರ ಜಗಲಿಯಲ್ಲಿ ಮಲಗುತ್ತೇನೆ, ಶ್ರೀರಾಮಪ್ಪ ಆಗಲಿ ಎಂದಿದ್ದಾನೆ. ಆದ್ದರಿಂದ ನೀನು ಈ ಕಾಗದ ಮುಟ್ಟಿದ ಕೂಡಲೇ ಹೊರಡು. ವಕ್ಕಲೇರಿಗೆ ಬರಬೇಡ, ಬೀಗ ಇರುತ್ತದೆ. ಶ್ರೀನಿವಾಸಪುರದಲ್ಲಿ ಇಳಿದು ಮುಳಬಾಗಿಲು ರಸ್ತೆಯಲ್ಲಿ ತೋಪಿನ ಮುತ್ಯಾಲಮ್ಮನ ಮನೆ ಎಂದು ಕೇಳು, ತೋರಿಸುತ್ತಾರೆ. ಅತ್ತೆಯ ಮುಂದೆ ಗಡ್ಡೆ ಎಂಬ ಮಾತು ಎತ್ತಬೇಡ, ಅವಳು ಕೇಳಿದ್ದಕ್ಕೆ ನಿಜ ಹೇಳು. ಮತ್ತೆ, ಬಂದವಳು ನೇರವಾಗಿ ಒಳಗೆ ಓಡಬೇಡ. ಮೊದಲು ಜಗಲಿಯಲ್ಲಿ ನನ್ನ ಪಕ್ಕ ಸ್ವಲ್ಪ ಹೊತ್ತು ಕೂತು ಆಮೇಲೆ ಹೋಗು.